ಪತಂಗ, ಫ್ಲಾಪಿ, ಲಗ್ನಪತ್ರಿಕೆ: ಕಂಪ್ಯೂಟರ್ ಕೆಟ್ಟ ಕಥೆಗಳ ಚರಿತ್ರೆ

ಮನೆಯ ಕಂಪ್ಯೂಟರ್ ಹ್ಯಾಂಗ್ ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡೆಸಿಬಿಡಿ’. ಸಿಪಿಯುವನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದರೆ ಸಂಜೆಯೊಳಗೆ ಹೊಸದರ ಹಾಗೆ ವಾಪಸ್ ಬರುತ್ತದೆ. ಆದರೆ ಒಳಗೆ ಇದ್ದದ್ದು ಬರುವುದಿಲ್ಲ. ಮಗಳ ಮದುವೆಯ ಫೋಟೊ, ಸ್ವಸಹಾಯ ಸಂಘದ ಲೆಕ್ಕ, ಮಗನ ಕಾಲೇಜು ಪ್ರಾಜೆಕ್ಟ್, ಸ್ಕ್ಯಾನ್ ಮಾಡಿಟ್ಟಿದ್ದ ಹಳೆಯ ಕ್ರಯಪತ್ರ ಎಲ್ಲವೂ ಹೋಗಿರುತ್ತವೆ.

ಕಂಪ್ಯೂಟರ್ ಕೆಡುವುದಕ್ಕೂ ಮುಕ್ಕಾಲು ಶತಮಾನದ ಚರಿತ್ರೆ ಇದೆ. ಅದನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೆಡುವ ಜಾಗ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಮೊದಲು ಯಂತ್ರದ ಭಾಗಗಳಲ್ಲಿ, ಆಮೇಲೆ ಅದರೊಳಗಿನ ಪ್ರೋಗ್ರಾಂನಲ್ಲಿ, ಈಗ ಹೆಚ್ಚಾಗಿ ನಮ್ಮ ನಂಬಿಕೆಯಲ್ಲಿ. ಮದ್ದು ಮಾತ್ರ ಹಳೆಯದೇ ಉಳಿದಿದೆ. ಹಾಗಾಗಿ ಉಳಿಯಬೇಕಾದದ್ದು ಉಳಿಯುತ್ತಿಲ್ಲ.

ಯಂತ್ರದೊಳಗೆ ಸಿಕ್ಕ ಹುಳ

1947ರ ಸೆಪ್ಟೆಂಬರ್ 9. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ‘ಮಾರ್ಕ್ 2’ ಎಂಬ ಕೋಣೆಯಷ್ಟು ದೊಡ್ಡ ಲೆಕ್ಕದ ಯಂತ್ರ ತಪ್ಪು ಮಾಡತೊಡಗಿತು. ಕೆಲಸದವರು ಒಂದೊಂದೇ ಭಾಗ ನೋಡುತ್ತಾ ಹೋದಾಗ ಒಂದು ರಿಲೇಯಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಹುಳ ಸಿಕ್ಕಿದ್ದು ಇದೇ ಮೊದಲು ಎಂದು ತಮಾಷೆಯಾಗಿ ಬರೆದಿಟ್ಟರು. ಆ ಪುಟ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಯಂತ್ರದ ದೋಷಕ್ಕೆ ‘ಬಗ್’ ಎನ್ನುವುದು ಅದಕ್ಕೂ ಹಳೆಯ ರೂಢಿ. ವಿದ್ಯುತ್ ದೀಪದ ಎಡಿಸನ್ 1878ರಲ್ಲೇ ಪತ್ರವೊಂದರಲ್ಲಿ ಆ ಪದ ಬಳಸಿದ್ದ.

ಆ ಕೆಲಸದವರು ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಹುಡುಕಿದರು, ಸಿಕ್ಕಿದ್ದನ್ನು ಬರೆದಿಟ್ಟರು. ರಿಪೇರಿ ವಿದ್ಯೆಯ ಮೊದಲ ಪಾಠ ಅಲ್ಲೇ ಇದೆ.

ಅದಕ್ಕಿಂತ ಒಂದು ವರ್ಷ ಹಿಂದೆ, 1946ರಲ್ಲಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ‘ಎನಿಯಾಕ್’ ಜಗತ್ತಿನ ಮುಂದೆ ಬಂದಿತ್ತು. ಅದರಲ್ಲಿ ಹತ್ತಿರ ಹತ್ತಿರ 18,000 ವಾಲ್ವ್‌ಗಳಿದ್ದವು. ಅಜ್ಜನ ಕಾಲದ ವಾಲ್ವ್ ರೇಡಿಯೊ ನೋಡಿದವರಿಗೆ ಅವು ಹೇಗಿರುತ್ತವೆಂದು ಗೊತ್ತು. ಒಂದು ವಾಲ್ವ್ ಸುಟ್ಟರೂ ಲೆಕ್ಕ ತಪ್ಪುತ್ತಿತ್ತು. ಯಂತ್ರ ಕಟ್ಟಿದವರು ಒಂದು ವಿಷಯ ಗಮನಿಸಿದರು. ವಾಲ್ವ್‌ಗಳು ಹೆಚ್ಚಾಗಿ ಸುಡುತ್ತಿದ್ದದ್ದು ಯಂತ್ರವನ್ನು ಆನ್ ಆಫ್ ಮಾಡುವಾಗ, ಬಿಸಿಯಾಗುವಾಗ ಮತ್ತು ತಣ್ಣಗಾಗುವಾಗ. ಆದ್ದರಿಂದ ಸಾಧ್ಯವಾದಷ್ಟು ಆಫ್ ಮಾಡದೇ ಇಟ್ಟರು. ಪ್ರತಿ ವಾಲ್ವಿಗೂ ಅದು ತಡೆದುಕೊಳ್ಳುವುದಕ್ಕಿಂತ ಕಡಿಮೆ ವಿದ್ಯುತ್ ಕೊಟ್ಟರು. ಆಮೇಲೆ ಎರಡು ದಿನಕ್ಕೊಂದು ಸುಡುವ ಮಟ್ಟಕ್ಕೆ ಬಂತು.

ನಮ್ಮ ಹಳ್ಳಿಯ ಕಂಪ್ಯೂಟರಿಗೂ ಇದೇ ಮಾತು ಹೊಂದುತ್ತದೆ. ತ್ರೀ ಫೇಸ್ ಬಂದಾಗ ಏರುವ, ಪಂಪ್‌ಸೆಟ್ ಓಡಿದಾಗ ಇಳಿಯುವ, ಮಳೆಗಾಲದಲ್ಲಿ ಹೋಗಿ ಬಂದು ಮಾಡುವ ಕರೆಂಟು ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡನ್ನು ಬೇಗ ಹಾಳು ಮಾಡುತ್ತದೆ. ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಎಂದರೆ ಎನಿಯಾಕ್ ಕಟ್ಟಿದವರು ಕಂಡುಕೊಂಡ ಬುದ್ಧಿಯೇ.

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ‘ಪಿಸಿ’ಯನ್ನು ಬಿಡುಗಡೆ ಮಾಡಿತು. ಅದು ಆನ್ ಆದ ಕೂಡಲೇ ತನ್ನ ಮೈಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿತ್ತು. ಎಲ್ಲ ಸರಿ ಇದ್ದರೆ ಒಂದು ಸಣ್ಣ ‘ಬೀಪ್’. ತೊಂದರೆ ಇದ್ದರೆ ಬೇರೆ ಲೆಕ್ಕದ ಬೀಪ್‌ಗಳು. ಇವತ್ತಿಗೂ ಸಾಕಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಈ ಪದ್ಧತಿ ಇದೆ. ಪರದೆ ಕಪ್ಪಾಗಿದ್ದು ಬೀಪ್ ಮತ್ತೆ ಮತ್ತೆ ಬರುತ್ತಿದ್ದರೆ ರ‍್ಯಾಮ್ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಅಂಗಡಿಯ ಹುಡುಗ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಶಾಲೆಯ ರಬ್ಬರಿನಿಂದ ಅದರ ಹಿತ್ತಾಳೆ ಬಣ್ಣದ ಅಂಚನ್ನು ಉಜ್ಜಿ ಮತ್ತೆ ಕೂರಿಸುವುದನ್ನು ನೀವು ನೋಡಿರಬಹುದು. ಹಾಗೆಯೇ ಗಡಿಯಾರ ಪ್ರತಿ ಸಲ ಹಳೆಯ ತಾರೀಕಿಗೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಮುಗಿದಿದೆ ಎಂದರ್ಥ. ತಾರೀಕು ತಪ್ಪಿದರೆ ಬ್ಯಾಂಕಿನ ವೆಬ್‌ಸೈಟೂ ‘ಸುರಕ್ಷಿತವಲ್ಲ’ ಎಂದು ಎಚ್ಚರಿಸುತ್ತದೆ. ಜನ ಅದನ್ನು ವೈರಸ್ ಎಂದುಕೊಳ್ಳುತ್ತಾರೆ. ಸೆಲ್ ಬದಲಿಸಿ ತಾರೀಕು ಸರಿಮಾಡಿದರೆ ಸಾಕು.

ಈ ಯಾವ ರೋಗಕ್ಕೂ ಫಾರ್ಮ್ಯಾಟ್ ಮದ್ದಲ್ಲ.

ಲಾಹೋರಿನ ಅಣ್ಣತಮ್ಮಂದಿರು

1980ರ ದಶಕದಲ್ಲಿ ರೋಗ ಯಂತ್ರದಿಂದ ಪ್ರೋಗ್ರಾಂಗೆ ದಾಟಿತು.

1982ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಎಂಬ 15 ವರ್ಷದ ಹುಡುಗ ಗೆಳೆಯರನ್ನು ಕಾಡಿಸಲು ‘ಎಲ್ಕ್ ಕ್ಲೋನರ್’ ಎಂಬ ಪ್ರೋಗ್ರಾಂ ಬರೆದ. ಅದು ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ತಾನೇ ಹತ್ತಿಕೊಳ್ಳುತ್ತಿತ್ತು. ಆ ಫ್ಲಾಪಿಯಿಂದ 50ನೇ ಸಲ ಕಂಪ್ಯೂಟರ್ ಶುರು ಮಾಡಿದಾಗ ಒಂದು ಪದ್ಯ ತೋರಿಸುತ್ತಿತ್ತು, ಅಷ್ಟೇ.

ಪಿಸಿಯನ್ನು ಹಿಡಿದ ಮೊದಲ ಹೆಸರಾಂತ ವೈರಸ್ ಹುಟ್ಟಿದ್ದು ನಮ್ಮ ನೆರೆಯಲ್ಲೇ. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ‘ಬ್ರೇನ್’ ವೈರಸ್ ಬರೆದರು. ತಾವು ಮಾಡಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕಾಸು ಕೊಡದೆ ನಕಲು ಮಾಡುತ್ತಿದ್ದಾರೆ, ಅದನ್ನು ತಡೆಯೋಣ ಎಂದು ಇದನ್ನು ಮಾಡಿದೆವು ಎಂಬುದು ಅವರ ವಿವರಣೆ. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು! ನಕಲು ಮಾಡಿದವರು ಫೋನ್ ಮಾಡಲಿ ಎಂಬ ಲೆಕ್ಕ. ಆದರೆ ಫ್ಲಾಪಿ ಕೈಯಿಂದ ಕೈಗೆ ದಾಟಿ ಸಮುದ್ರದಾಚೆಗೂ ಹೋಯಿತು, ಕರೆಗಳು ಅಮೆರಿಕದಿಂದಲೂ ಬಂದವು. 25 ವರ್ಷಗಳ ನಂತರ, 2011ರಲ್ಲಿ, ಫಿನ್ಲೆಂಡಿನ ವೈರಸ್ ತಜ್ಞ ಮಿಕ್ಕೊ ಹಿಪ್ಪೊನೆನ್ ಆ ವಿಳಾಸ ಹುಡುಕಿಕೊಂಡು ಹೋದಾಗ ಅವರಿಬ್ಬರೂ ಅಲ್ಲೇ ಇದ್ದರು, ಇಂಟರ್ನೆಟ್ ಸೇವೆಯ ವ್ಯವಹಾರ ನಡೆಸುತ್ತಿದ್ದರು.

ಬ್ರೇನ್ ಹೆಚ್ಚು ಹಾನಿ ಮಾಡಲಿಲ್ಲ. 1989ರ ಡಿಸೆಂಬರಿನಲ್ಲಿ ಬಂದದ್ದು ಹಾಗಲ್ಲ. ಏಡ್ಸ್ ರೋಗದ ಮಾಹಿತಿ ಇದೆ ಎಂಬ ಸುಮಾರು 20,000 ಫ್ಲಾಪಿಗಳು ನಾನಾ ದೇಶಗಳ ಜನರಿಗೆ ಅಂಚೆಯಲ್ಲಿ ಬಂದವು. ಕಂಪ್ಯೂಟರಿಗೆ ಹಾಕಿದವರಿಗೆ ಮೊದಮೊದಲು ಏನೂ ಗೊತ್ತಾಗಲಿಲ್ಲ. ಸುಮಾರು 90 ಸಲ ಆನ್ ಮಾಡಿದ ಮೇಲೆ ಫೈಲುಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂಬ ಸೂಚನೆ ಬಂತು. ಒತ್ತೆಹಣ ಕೇಳುವ ‘ರ‍್ಯಾನ್ಸಮ್‌ವೇರ್’ ಎಂಬ ಇಂದಿನ ದಂಧೆಗೆ ಅದೇ ಮೊದಲು.

ಆ ಪ್ರೋಗ್ರಾಂ ಕಲಸಿದ್ದು ಫೈಲಿನ ಹೆಸರುಗಳನ್ನು ಮಾತ್ರ. ಒಳಗಿನ ಬರಹ ಹಾಗೇ ಇತ್ತು. ಸ್ವಲ್ಪ ದಿನದಲ್ಲೇ ಅದನ್ನು ಬಿಡಿಸುವ ಪ್ರೋಗ್ರಾಂ ಪುಕ್ಕಟೆ ಸಿಕ್ಕಿತು. ಅಷ್ಟರಲ್ಲಿ ಗಾಬರಿಯಿಂದ ಡಿಸ್ಕ್ ಪೂರ್ತಿ ಅಳಿಸಿ ವರ್ಷಗಟ್ಟಲೆಯ ಸಂಶೋಧನೆ ಕಳೆದುಕೊಂಡವರೂ ಇದ್ದರು. ರೋಗಕ್ಕಿಂತ ಮದ್ದೇ ಹೆಚ್ಚು ಕೊಂದಿತು. ಅವತ್ತು ಅವರು ಮಾಡಿದ್ದನ್ನೇ ನಾವು ಇಂದು ತಾಲ್ಲೂಕಿನ ಅಂಗಡಿಯಲ್ಲಿ ಮಾಡಿಸುತ್ತಿದ್ದೇವೆ.

ಪ್ರೋಗ್ರಾಂ ರೋಗ ಯಂತ್ರದ ರೋಗದ ವೇಷ ಹಾಕಿದ್ದೂ ಉಂಟು. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ ಬರೆದ ‘ಸಿಐಎಚ್’ ವೈರಸ್ 1999ರ ಏಪ್ರಿಲ್ 26ರಂದು ಎದ್ದಿತು. ಅದು ಚೆರ್ನೋಬಿಲ್ ಅಣು ದುರಂತದ ದಿನ, ಹಾಗಾಗಿ ಅದಕ್ಕೆ ಚೆರ್ನೋಬಿಲ್ ಎಂಬ ಹೆಸರೂ ಬಂತು. ಅದು ಹಾರ್ಡ್‌ಡಿಸ್ಕಿನ ಆರಂಭದ ಭಾಗವನ್ನು ಅಳಿಸುತ್ತಿತ್ತು. ಕೆಲವು ಯಂತ್ರಗಳಲ್ಲಿ ಮದರ್‌ಬೋರ್ಡಿನ ‘ಬಯೋಸ್’ ಚಿಪ್ಪಿನ ಮೇಲೂ ಕಸ ಬರೆಯುತ್ತಿತ್ತು. ಅಂಥ ಕಂಪ್ಯೂಟರ್ ಆನ್ ಕೂಡ ಆಗುತ್ತಿರಲಿಲ್ಲ. ನೋಡಿದವರಿಗೆ ಬೋರ್ಡ್ ಸುಟ್ಟಂತೆಯೇ ಕಾಣುತ್ತಿತ್ತು.

ಪ್ರೇಮಪತ್ರ ಬಂದ ದಿನ

2000ದ ಮೇ 4ರಂದು ಜಗತ್ತಿನ ಕಚೇರಿಗಳಿಗೆ ಒಂದು ಇ-ಮೇಲ್ ಬಂತು. ವಿಷಯದ ಜಾಗದಲ್ಲಿ ‘ಐ ಲವ್ ಯು’. ಜೊತೆಗೊಂದು ಪ್ರೇಮಪತ್ರ. ಕಳಿಸಿದವರು ಪರಿಚಯದವರೇ, ಸಹೋದ್ಯೋಗಿಯೋ ನೆಂಟರೋ. ತೆರೆಯದೆ ಇರುವುದು ಹೇಗೆ? ತೆರೆದ ಕೂಡಲೇ ಅದು ಫೋಟೊ ಫೈಲುಗಳ ಮೇಲೆ ತನ್ನನ್ನೇ ಬರೆದುಕೊಂಡು ಹಾಳು ಮಾಡಿತು. ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ನಿಮ್ಮದೇ ಹೆಸರಿನಲ್ಲಿ ಅದೇ ಪತ್ರ ಕಳಿಸಿತು.

ಬರೆದವನು ಫಿಲಿಪ್ಪೀನ್ಸಿನ ಮನಿಲಾದ ವಿದ್ಯಾರ್ಥಿ ಓನೆಲ್ ಡಿ ಗುಜ್ಮನ್. ಅವನು ಕಂಡುಕೊಂಡ ಗುಟ್ಟು ಬಹಳ ಸರಳ. ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ಅದು ಏನೆಂದು ಹೇಳುತ್ತದೆ. ವಿಂಡೋಸ್ ಆ ಕೊನೆಯ ಭಾಗವನ್ನು ಮರೆಮಾಡುತ್ತಿತ್ತು. ನಿಜವಾಗಿ ಪ್ರೋಗ್ರಾಂ ಆಗಿದ್ದ ಫೈಲು ನೋಡುವವರಿಗೆ ಬರೀ ಪತ್ರದಂತೆ ಕಾಣುತ್ತಿತ್ತು. ಆಗ ಫಿಲಿಪ್ಪೀನ್ಸಿನಲ್ಲಿ ಇದಕ್ಕೆ ಕಾನೂನೇ ಇರಲಿಲ್ಲ, ಹಾಗಾಗಿ ಮೊಕದ್ದಮೆ ಬಿದ್ದುಹೋಯಿತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ ಅಕ್ಟೋಬರ್ 17ರಂದು.

ಅದೇ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲೂ ಕಂಪ್ಯೂಟರಿನ ಒಳಗಿರುವುದರ ಬೆಲೆ ಬದಲಾಯಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳು ಕೈಬರಹದಿಂದ ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗತೊಡಗಿತು. ಆ ಯೋಜನೆ ಮಾಡಿದವರು ಒಂದು ಎಚ್ಚರ ವಹಿಸಿದ್ದರು. ಒಳಗೆ ಹೋಗಲು ಪಾಸ್‌ವರ್ಡ್ ಮಾತ್ರ ಸಾಲದು, ಸಿಬ್ಬಂದಿಯ ಬೆರಳಚ್ಚು ಬೇಕು ಎಂದಿಟ್ಟರು. ತಿದ್ದಿದವರು ಯಾರೆಂದು ಗೊತ್ತಾಗಬೇಕು, ನಾನಲ್ಲ ಎಂದು ಜಾರಿಕೊಳ್ಳಲು ಆಗಬಾರದು ಎಂಬುದು ಅದರ ಉದ್ದೇಶ. ಅಪಾಯ ಯಂತ್ರದಲ್ಲಲ್ಲ, ಯಂತ್ರ ಮುಟ್ಟುವ ಕೈಯಲ್ಲಿದೆ ಎಂಬುದನ್ನು ಅವರು ಆಗಲೇ ಕಂಡಿದ್ದರು.

ಪೆನ್‌ಡ್ರೈವಿನ ದಶಕ

ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು. ಫೋಟೊ ಸ್ಟುಡಿಯೊ, ಡಿಟಿಪಿ ಸೆಂಟರ್, ಝೆರಾಕ್ಸ್ ಅಂಗಡಿ, ಕಾಲೇಜು ಲ್ಯಾಬ್, ಪಂಚಾಯಿತಿ ಕಚೇರಿ ಎಲ್ಲ ಕಡೆ ಅದೇ ಒಂದು ಪೆನ್‌ಡ್ರೈವ್ ಓಡಾಡಿತು. ಒಂದೇ ಸಿರಿಂಜಿನಲ್ಲಿ ಊರಿಗೆಲ್ಲ ಚುಚ್ಚುಮದ್ದು ಹಾಕಿದ ಹಾಗೆ.

ವಿಂಡೋಸಿನ ‘ಆಟೊರನ್’ ಅನುಕೂಲ ಇದಕ್ಕೆ ದಾರಿ ಮಾಡಿಕೊಟ್ಟಿತು. ಸಿಡಿ ಹಾಕಿದ ತಕ್ಷಣ ತಾನೇ ಓಡಲಿ ಎಂದು 1995ರಲ್ಲಿ ತಂದದ್ದು ಅದು. ವೈರಸ್ ಬರೆಯುವವರು ಪೆನ್‌ಡ್ರೈವಿನಲ್ಲೂ ಅದನ್ನೇ ಬಳಸಿಕೊಂಡರು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ನೆಟ್‌ವರ್ಕಿನಲ್ಲಿ ಹರಡಿತು, ಮುಂದಿನ ರೂಪಗಳಲ್ಲಿ ಪೆನ್‌ಡ್ರೈವಿನಲ್ಲೂ ಹರಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಅಕ್ಟೋಬರ್ 23ರಂದೇ ಬಂದಿತ್ತು. ಪೆನ್‌ಡ್ರೈವಿಗೆ ಆಟೊರನ್ ಇಲ್ಲದಂತೆ ವಿಂಡೋಸ್ 7ರಲ್ಲಿ ಮಾಡಿದರು. 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿಗೂ ಅದೇ ಬದಲಾವಣೆ ಕೊಟ್ಟರು.

ಬಾಗಿಲು ಮುಚ್ಚಿದ ಮೇಲೆ ವೈರಸ್ ನಮ್ಮ ಬೆರಳಿಗಾಗಿ ಕಾಯತೊಡಗಿತು. ಅದೇ ‘ಶಾರ್ಟ್‌ಕಟ್ ವೈರಸ್’. ಪೆನ್‌ಡ್ರೈವ್ ತೆರೆದರೆ ಫೋಲ್ಡರ್‌ಗಳೆಲ್ಲ ಮಾಯ, ಬದಲಿಗೆ ಅದೇ ಹೆಸರಿನ ಶಾರ್ಟ್‌ಕಟ್‌ಗಳು. ಬಹಳ ಜನ ಫೋಟೊ ಹೋಯಿತೆಂದು ಅಲ್ಲೇ ಫಾರ್ಮ್ಯಾಟ್ ಮಾಡಿ ನಿಜವಾಗಿಯೂ ಕಳೆದುಕೊಂಡರು. ಸಾಮಾನ್ಯವಾಗಿ ಫೈಲುಗಳು ಅಲ್ಲೇ ಅಡಗಿರುತ್ತವೆ. ಶಾರ್ಟ್‌ಕಟ್ ಮುಟ್ಟದೆ, ಆಂಟಿವೈರಸ್ ಇರುವ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ‘ವ್ಯೂ’ ಒಳಗಿನ ‘ಹಿಡನ್ ಐಟಮ್ಸ್’ ಆನ್ ಮಾಡಿ. ಆಗಲೂ ಕಾಣದಿದ್ದರೆ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಟಿಕ್ ಗುರುತು ತೆಗೆಯಿರಿ. ಕಂಡ ಫೋಲ್ಡರ್‌ಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಫಾರ್ಮ್ಯಾಟ್ ಏನಿದ್ದರೂ ಅದಾದ ಮೇಲೆ.

ವಯನಾಡಿನ ಪಂಚಾಯಿತಿ ಕಚೇರಿ

2017ರ ಮೇ 12ರಂದು ‘ವಾನಾಕ್ರೈ’ ಎದ್ದಿತು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ತಲಾ 300 ಡಾಲರ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ನಮ್ಮ ಮೈಸೂರು, ಕೊಡಗು ಜಿಲ್ಲೆಗಳಿಗೆ ಹೊಂದಿಕೊಂಡ ಕೇರಳದ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳಿಗೂ ಬೀಗ ಬಿತ್ತು. ಲಂಡನ್ನಿನ ಆಸ್ಪತ್ರೆಗೂ ಮಲೆನಾಡಿನ ಪಂಚಾಯಿತಿಗೂ ಒಂದೇ ರೋಗ.

ವಾನಾಕ್ರೈ ಬಳಸಿದ ಬಿರುಕನ್ನು ಮೊದಲು ಕಂಡುಕೊಂಡು ಗುಟ್ಟಾಗಿ ಇಟ್ಟುಕೊಂಡಿದ್ದದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ. ಅದರ ಆಯುಧ ಕಳುವಾಗಿ ಏಪ್ರಿಲ್‌ನಲ್ಲಿ ಬಯಲಿಗೆ ಬಿತ್ತು. ಆದರೆ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ದಾಳಿಗೆ ಎರಡು ತಿಂಗಳು ಮೊದಲೇ ಮದ್ದು ಅಂಗಡಿಯಲ್ಲಿತ್ತು, ಅದೂ ಪುಕ್ಕಟೆ.

ಹಾಗಾದರೆ ಹಾಕಿಸಿಕೊಳ್ಳಲಿಲ್ಲ ಏಕೆ? ನಮ್ಮ ಕಡೆಯ ಕಾರಣ ನಮಗೆ ಗೊತ್ತು. ‘ಅಪ್‌ಡೇಟ್ ನೆಟ್ ತಿನ್ನುತ್ತೆ, ಆಫ್ ಮಾಡಿಕೊಡಿ’ ಎಂದು ನಾವೇ ಅಂಗಡಿಯವರಿಗೆ ಹೇಳುತ್ತೇವೆ. ಅಸಲಿ ವಿಂಡೋಸ್ ದುಬಾರಿ, ನಕಲಿ ಹಾಕಿದರೆ ಅಂಗಡಿಯವರೇ ಅಪ್‌ಡೇಟ್ ನಿಲ್ಲಿಸುತ್ತಾರೆ. ಇದರಲ್ಲಿ ಬಡವರ ತಪ್ಪು ಎಷ್ಟು, ಬೆಲೆಯ ತಪ್ಪು ಎಷ್ಟು ಎಂಬುದು ಬೇರೆ ಚರ್ಚೆ. ಆದರೆ ಬೀಗ ಬಿದ್ದಾಗ ನಷ್ಟ ಆಗುವುದು ನಮಗೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿ, ಸಂಘದಲ್ಲಿ, ಶಾಲೆಯಲ್ಲಿ ಅದೇ ಓಡುತ್ತಿದ್ದರೆ ಮುಂದೇನು ಎಂದು ಈಗಲೇ ಯೋಚಿಸಬೇಕು. ಹಳೆಯ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸುವುದೂ ಒಂದು ದಾರಿ.

ಪ್ರೇಮಪತ್ರ ಲಗ್ನಪತ್ರಿಕೆಯಾಯಿತು

ಈಗ ಮೂರನೆಯ ಕಾಲ. 2012ರ ಅಕ್ಟೋಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಒಂದು ದೊಡ್ಡ ಮೋಸಜಾಲದ ಮೇಲೆ ಕ್ರಮ ಕೈಗೊಂಡಿತು. ಬಹುಪಾಲು ಭಾರತದ ಕಾಲ್‌ಸೆಂಟರ್‌ಗಳಿಂದ ಕರೆ ಮಾಡುತ್ತಿದ್ದವರು, ‘ಮೈಕ್ರೋಸಾಫ್ಟಿನವರು ನಾವು, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎನ್ನುತ್ತಿದ್ದರು. ‘ಈವೆಂಟ್ ವ್ಯೂವರ್’ ಎಂಬ ಪುಟ ತೆರೆಸಿ ಕೆಂಪು ಗುರುತು ತೋರಿಸುತ್ತಿದ್ದರು. ಆ ಗುರುತುಗಳು ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಇರುತ್ತವೆ. ಹೆದರಿದವರು ತಮ್ಮ ಯಂತ್ರವನ್ನು ದೂರದಿಂದ ಆಡಿಸಲು ತಾವೇ ಒಪ್ಪಿಗೆ ಕೊಡುತ್ತಿದ್ದರು. ಯಾವ ಬೀಗವನ್ನೂ ಮುರಿಯಬೇಕಾಗಿರಲಿಲ್ಲ.

ಅದೇ ಉಪಾಯ ಆಮೇಲೆ ನಮ್ಮ ಮೇಲೂ ತಿರುಗಿತು. ದೂರದಿಂದ ಮೊಬೈಲ್ ಆಡಿಸುವ ಆ್ಯಪ್ ಹಾಕಿಸಿ ಯುಪಿಐ ಹಣ ಕದಿಯುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತು. ಈಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪಿನಲ್ಲಿ ಲಗ್ನಪತ್ರಿಕೆ ಬರುತ್ತಿದೆ. ಫೈಲಿನ ಕೊನೆಗೆ ‘ಎಪಿಕೆ’ ಎಂಬ ಅಕ್ಷರಗಳು. ಅದು ಪತ್ರಿಕೆಯಲ್ಲ, ಆ್ಯಪ್. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತದೆ, ನಿಮ್ಮ ನಂಬರಿನಿಂದಲೇ ನೆಂಟರಿಗೂ ಹೋಗುತ್ತದೆ.

2000ದ ಪ್ರೇಮಪತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಪರಿಚಯದವರ ಹೆಸರು, ತೆರೆಯಲೇಬೇಕೆನಿಸುವ ವಿಷಯ, ಹೆಸರಿನ ಕೊನೆಯಲ್ಲಿ ಅಡಗಿದ ಮೂರು ಅಕ್ಷರ. ಮನಿಲಾದಲ್ಲಿ ಹೂಡಿದ ಆಟವನ್ನೇ ನಮ್ಮೂರ ಮದುವೆ ಸೀಸನ್ನಿಗೆ ಹೊಂದಿಸಿದ್ದಾರೆ. ನಿಜವಾದ ಲಗ್ನಪತ್ರಿಕೆ ಫೋಟೊ, ವಿಡಿಯೊ ಅಥವಾ ಪಿಡಿಎಫ್ ಆಗಿರುತ್ತದೆ. ಆ್ಯಪ್ ಹಾಕಿಕೊಳ್ಳಿ ಎಂದು ಯಾವ ಬೀಗರೂ ಕೇಳುವುದಿಲ್ಲ.

ಕೆಟ್ಟಾಗ ಕೇಳಬೇಕಾದ ಮೂರು ಪ್ರಶ್ನೆ

ಇಷ್ಟು ಚರಿತ್ರೆಯನ್ನು ಮನೆಗೆ ಒಯ್ಯುವಂತೆ ಮಾಡಿದರೆ ಉಳಿಯುವುದು ಮೂರು ಪ್ರಶ್ನೆ.

ಒಂದು, ಕೆಟ್ಟದ್ದು ಯಂತ್ರವೇ? ಆನ್ ಆಗದಿರುವುದು, ಬೀಪ್, ಸುಟ್ಟ ವಾಸನೆ, ಫ್ಯಾನ್ ತಿರುಗದಿರುವುದು, ಕಾದು ತಾನೇ ಆಫ್ ಆಗುವುದು ಇದರ ಗುರುತು. ಪ್ಲಗ್, ವೈರು, ಧೂಳು, ರ‍್ಯಾಮ್ ಮೊದಲು ನೋಡಿಸಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಒಳಗಿನದನ್ನು ಮೊದಲು ತೆಗೆಸಿ.

ಎರಡು, ಕೆಟ್ಟದ್ದು ಪ್ರೋಗ್ರಾಂ ಆಗಿದೆಯೇ? ನಿನ್ನೆವರೆಗೆ ಸರಿ ಇತ್ತು ಎಂದರೆ ನಿನ್ನೆ ಹೊಸದಾಗಿ ಏನು ಹಾಕಿದಿರಿ, ಯಾವ ಪೆನ್‌ಡ್ರೈವ್ ಚುಚ್ಚಿದಿರಿ ಎಂದು ನೆನಪಿಸಿಕೊಳ್ಳಿ. ಹೊಸದನ್ನು ತೆಗೆದು, ಸ್ಕ್ಯಾನ್ ಮಾಡಿ ನೋಡಿ. ಫಾರ್ಮ್ಯಾಟ್ ಕೊನೆಯ ಮೆಟ್ಟಿಲು. ಆಗಲೂ ‘ಡೇಟಾ ಕಾಪಿ ಮಾಡಿಕೊಂಡ ಮೇಲೆ’ ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ.

ಮೂರು, ಕೆಟ್ಟದ್ದು ನಮ್ಮ ನಂಬಿಕೆಯೇ? ಯಾರೋ ಕರೆ ಮಾಡಿ ಅವಸರ ಮಾಡಿಸಿದರೆ, ಹೆದರಿಸಿದರೆ, ಏನನ್ನಾದರೂ ಹಾಕಿಕೊಳ್ಳಿ ಎಂದರೆ ಅಲ್ಲೇ ನಿಲ್ಲಿಸಿ. ಹಣ ಹೋಗಿದ್ದರೆ ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೆ ಹಣ ಕೈದಾಟಿ ಹೋಗಿರುತ್ತದೆ.

ಮೂರಕ್ಕೂ ಸಾಮಾನ್ಯವಾದ ಮದ್ದು ಒಂದಿದೆ: ಇನ್ನೊಂದು ಪ್ರತಿ. 1956ರಲ್ಲಿ ಐಬಿಎಂ ಮಾಡಿದ ಮೊದಲ ಹಾರ್ಡ್‌ಡಿಸ್ಕ್ ಒಂದು ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದದ್ದು ಇಂದಿನ ಮೊಬೈಲಿನ ಒಂದೆರಡು ಫೋಟೊದಷ್ಟು. ಇಂದು ಮನೆಯ ಎಲ್ಲ ಫೋಟೊ, ಎಲ್ಲ ಕಾಗದ ಅಂಗೈಯಗಲದ ಡಿಸ್ಕಿನಲ್ಲಿ ಕೂರುತ್ತವೆ. ತಿಂಗಳಿಗೊಮ್ಮೆ ನಕಲು ಮಾಡಿ, ಕಂಪ್ಯೂಟರಿನಿಂದ ಕಿತ್ತು, ಬೀರುವಿನಲ್ಲಿ ಕ್ರಯಪತ್ರದ ಪಕ್ಕ ಇಡಿ. ಕಿತ್ತಿಟ್ಟ ಡಿಸ್ಕಿಗೆ ಯಾವ ವಾನಾಕ್ರೈಯೂ ಬೀಗ ಹಾಕಲಾರದು.